ಕೇಳಿ, ಹೇಳ್ತೀನಿ: ಈ ಸಲ ಪೂರ್ತಿ ಅಡಿಸ್ ಅಬಾಬ

ಹೋದ ಸಂಚಿಕೇಲಿ ನನ್ನ ಕಾಲಂ ಬರ್ಲಿಲ್ಲ, ಆ ಜಾಗದಲ್ಲಿ ನಂದೊಂದು ಫೋಟೋ ಹಾಕಿದ್ರು, ಸ್ವೆಟರ್ ಹಾಕ್ಕೊಂಡು ನೀಲಿ-ಬಿಳಿ ಬಣ್ಣದ ವ್ಯಾನ್ ಪಕ್ಕ ನಿಂತಿರೋದು, ಕೆಳಗೆ ಕೆಲಸದ ಮೇಲೆ ಇಥಿಯೋಪಿಯಾಗೆ ಹೋಗಿದಾರೆ ಅಂತ ಒಂದು ಸಾಲು. ಅಷ್ಟಕ್ಕೇ ಪ್ರಶ್ನೆಗಳ ರಾಶಿ ಬಿದ್ದಿದೆ, ಅದಕ್ಕೆ ಮಾಮೂಲಿ ಅತ್ತೆ-ಸೊಸೆ, ಕೂದಲು ಉದುರೋದು ಎಲ್ಲ ಮುಂದಿನ ತಿಂಗಳಿಗೆ ಇಟ್ಕೊಂಡು ಈ ಸಲ ಇದನ್ನೇ ಬರೀತೀನಿ. ಹೊಸಬರಿಗೆ ಒಂದು ಮಾತು, ನಾನು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷೀನ್ ಮುಂದೆ ಕೂತು ಶುರು ಮಾಡಿದೋಳು, ಈಗ ಲೈನ್ ಸೂಪರ್‌ವೈಸರ್‌ಗಳಿಗೆ ಟ್ರೈನಿಂಗ್ ಕೊಡ್ತೀನಿ. 2025ರ ಫೆಬ್ರವರಿ ಮಧ್ಯದಲ್ಲಿ ಹೋಗಿ ಮಾರ್ಚ್ ಎರಡನೇ ವಾರ ವಾಪಸ್ ಬಂದೆ. ಅಷ್ಟರಲ್ಲಿ ಕಂಡಿದ್ದು ಇಷ್ಟು.

ಆಫ್ರಿಕಾದಲ್ಲಿ ಸ್ವೆಟರ್ ಯಾಕೆ ಮೇಡಂ? ನಮ್ಮ ಬಳ್ಳಾರಿಗಿಂತ ಬಿಸಿಲು ಇರಲ್ವಾ ಅಲ್ಲಿ? — ಬಳ್ಳಾರಿಯ ಓದುಗರು

ನಾನೂ ಹಂಗೇ ಅಂದ್ಕೊಂಡು ಬರೀ ಕಾಟನ್ ಸೀರೆ, ಚೂಡಿದಾರ್ ತುಂಬ್ಕೊಂಡು ಹೋದೆ ಸರ್. ಆ ಸ್ವೆಟರ್ ಅಲ್ಲೇ ತಗೊಂಡಿದ್ದು. ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬ ಇರೋದು ಸಮುದ್ರ ಮಟ್ಟದಿಂದ 2,300 ಮೀಟರ್‌ಗೂ ಮೇಲೆ, ನಮ್ಮ ರಾಜ್ಯದಲ್ಲೇ ಎತ್ತರ ಅನ್ನೋ ಮುಳ್ಳಯ್ಯನಗಿರಿ 1,930 ಮೀಟರ್, ಅಂದ್ರೆ ಮುಳ್ಳಯ್ಯನಗಿರಿ ತುದೀಲಿ ನಿಂತ್ಕೊಂಡು ಕತ್ತೆತ್ತಿ ನೋಡಿದ್ರೂ ಈ ಊರು ಇನ್ನೂ ಮೇಲಿರತ್ತೆ. ಮಧ್ಯಾಹ್ನ ಬಿಸಿಲು ಚುರುಕು, ನೆರಳಿಗೆ ಬಂದ್ರೆ ತಂಪು, ರಾತ್ರಿ ಕಂಬಳಿ ಬೇಕು. ಮೊದಲ ಎರಡು ದಿನ ಎರಡನೇ ಮಹಡಿಗೆ ಹತ್ತೋಷ್ಟರಲ್ಲಿ ಏದುಸಿರು, ನನಗೇನೋ ಹಾರ್ಟ್ ಪ್ರಾಬ್ಲಂ ಬಂತು ಅಂತ ಹೆದರ್ಕೊಂಡಿದ್ದೆ, ಆಮೇಲೆ ಅಲ್ಲಿರೋ ಒಬ್ಬ ತಮಿಳು ಮ್ಯಾನೇಜರ್ ನಕ್ಕು ಎಲ್ಲರಿಗೂ ಹಂಗೇ ಅಮ್ಮಾ, ನೀರು ಜಾಸ್ತಿ ಕುಡೀರಿ ಅಂದ್ರು. ಇನ್ನೊಂದು ತಮಾಷೆ, ಅಷ್ಟು ಎತ್ತರದಲ್ಲಿ ನೀರು 92 ಡಿಗ್ರಿ ಆಸುಪಾಸಲ್ಲೇ ಕುದಿಯತ್ತೆ, ಅದಕ್ಕೆ ಪಾತ್ರೇಲಿ ಇಟ್ಟ ಅನ್ನ ಎಷ್ಟು ಹೊತ್ತಾದ್ರೂ ಒಳಗೆ ಒಂದು ಅಗಳು ಗಟ್ಟಿ ಗಟ್ಟಿ. ಗೆಸ್ಟ್ ಹೌಸಲ್ಲಿ ಕುಕ್ಕರ್ ಇರ್ಲಿಲ್ಲ. ಮೂರು ದಿನ ಒದ್ದಾಡಿ ಅನ್ನದ ಆಸೆ ಬಿಟ್ಟೆ.

ಅಕ್ಕಾ, ನೀವು ಸಸ್ಯಾಹಾರಿ ಅಂತ ಹಿಂದೆ ಬರೆದಿದ್ರಿ. ಊಟಕ್ಕೆ ಏನ್ ಮಾಡಿದ್ರಿ? ಮಾವಿನಕಾಯಿ ಉಪ್ಪಿನಕಾಯಿ, ಮ್ಯಾಗಿ ತಗೊಂಡು ಹೋಗಿದ್ರಾ? — ತಿಪಟೂರಿನ ಗೃಹಿಣಿ

ತಗೊಂಡು ಹೋಗಿದ್ದೆ ಕಣಮ್ಮ, ಹನ್ನೆರಡು ಮ್ಯಾಗಿ ಪ್ಯಾಕೆಟ್, ಅದ್ರಲ್ಲಿ ಒಂಬತ್ತು ವಾಪಸ್ ತಂದೆ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಅಲ್ಲಿ ವೆಜಿಟೇರಿಯನ್ ಅಂದ್ರೆ ಯಾರಿಗೂ ಸರಿಯಾಗಿ ಅರ್ಥ ಆಗಲ್ಲ, ಕೋಳಿ ತಿಂತೀರಲ್ವಾ ಅಂತಾರೆ. ಆದ್ರೆ 'ತ್ಸೋಮ್' ಅನ್ನಿ, ತಕ್ಷಣ ಗೊತ್ತಾಗತ್ತೆ. ತ್ಸೋಮ್ ಅಂದ್ರೆ ಉಪವಾಸ. ಅಲ್ಲಿನ ಆರ್ಥೊಡಾಕ್ಸ್ ಕ್ರಿಶ್ಚಿಯನ್ನರು ಬುಧವಾರ, ಶುಕ್ರವಾರ ಮಾಂಸ ಮುಟ್ಟಲ್ಲ, ಮೊಟ್ಟೆ ಇಲ್ಲ, ಹಾಲು ಬೆಣ್ಣೆನೂ ಇಲ್ಲ. ಈಸ್ಟರ್‌ಗೆ ಮುಂಚೆ 55 ದಿನ ಪೂರ್ತಿ ಹಿಂಗೇ. ಈ ದೊಡ್ಡ ಉಪವಾಸ ನಾನಿದ್ದಾಗ್ಲೇ, ಫೆಬ್ರವರಿ ಕೊನೇ ವಾರ ಶುರುವಾಯ್ತು, ಫ್ಯಾಕ್ಟರಿ ಕ್ಯಾಂಟೀನಲ್ಲಿ ಅವತ್ತಿಂದ ಬಹಳ ಜನ ನಾನು ತಿನ್ನೋ ಥರದ ಊಟಾನೇ ಮಾಡ್ತಿದ್ರು. ನಮ್ಮ ಏಕಾದಶಿ ಉಪವಾಸ ಒಂದು ದಿನಕ್ಕೆ ಎಷ್ಟು ಗಲಾಟೆ ಮಾಡ್ತೀವಿ ನೋಡಿ.

ಊಟ ಅಂದ್ರೆ ಇಂಜೆರಾ. ದೋಸೆ ಥರ ಅಂತ ಎಲ್ಲರೂ ಹೇಳ್ತಾರೆ, ನಾನು ಅಡುಗೆಮನೆಗೇ ನುಗ್ಗಿ ನೋಡ್ದೆ. ತೆಫ್ ಅಂತ ಗಸಗಸೆಯಷ್ಟು ಸಣ್ಣ ಕಾಳು, ಅದರ ಹಿಟ್ಟು ಎರಡು ಮೂರು ದಿನ ಹುದುಗು ಬರಿಸ್ತಾರೆ, ಹಿಂದಿನ ಸಲದ ಹುಳಿ ನೀರು ಒಂದಿಷ್ಟು ಎತ್ತಿಟ್ಟು ಇದಕ್ಕೆ ಸೇರಿಸ್ತಾರೆ, ನಾವು ಮೊಸರಿಗೆ ಹೆಪ್ಪು ಹಾಕ್ತೀವಲ್ಲ ಹಂಗೆ. ಕಾವಲಿ ಅಂದ್ರೆ ನಮ್ಮದರ ಎರಡು ಮೂರು ಪಾಲು ಅಗಲ, ಮಿತಾದ್ ಅಂತಾರೆ. ನಾವು ದೋಸೆ ಹಿಟ್ಟು ಮಧ್ಯ ಹಾಕಿ ಹೊರಗಡೆಗೆ ತಿರುಗಿಸ್ತೀವಿ ಅಲ್ವಾ, ಅವ್ರು ಅಂಚಿಂದ ಶುರು ಮಾಡಿ ಸುತ್ತ ಸುತ್ತ ಸುರೀತಾ ಮಧ್ಯಕ್ಕೆ ಬಂದು ಮುಗಿಸ್ತಾರೆ. ನಾನು ಒಂದು ಹುಯ್ದೆ, ಕೈ ಅಭ್ಯಾಸ ಬಿಡಲ್ಲ, ಮಧ್ಯದಿಂದ ಶುರು ಮಾಡಿ ಅರ್ಧಕ್ಕೇ ಹಿಟ್ಟು ಖಾಲಿ, ಆ ಹೆಂಗಸು ಸೊಂಟ ಹಿಡ್ಕೊಂಡು ನಕ್ಳು. ಮೇಲೆ ಮುಚ್ಚಳ, ತಿರುವಿ ಹಾಕೋದಿಲ್ಲ, ಸೆಟ್ ದೋಸೆ ಥರ ತೂತು ತೂತು ಬರತ್ತೆ, ಆ ತೂತಿಗೆ ಅವರು ಕಣ್ಣು ಅಂತಾರೆ, ಕಣ್ಣು ಜಾಸ್ತಿ ಬಿದ್ರೆ ಅಡುಗೆ ಕೈ ಒಳ್ಳೇದು ಅಂತ. ರುಚಿ ಮಾತ್ರ ಹುಳಿ, ಸಿಕ್ಕಾಪಟ್ಟೆ ಹುಳಿ, ಮೊದಲ ದಿನ ನನಗೆ ಹಳಸಿದ ಹಿಟ್ಟು ಅನ್ಸಿತ್ತು. ಐದನೇ ದಿನಕ್ಕೆ ನಾನೇ ಕೇಳಿ ಹಾಕಿಸ್ಕೊಳ್ತಿದ್ದೆ.

ಅದರ ಮೇಲೇನೇ ಎಲ್ಲ ಬಡಿಸ್ತಾರೆ, ಎಲೆನೂ ಅದೇ ಊಟಾನೂ ಅದೇ. ಖಾರದ ಮಸೂರ್ ಬೇಳೆ, ಅರಿಶಿನ ಹಾಕಿದ ಬಟಾಣಿ, ಸೊಪ್ಪಿನ ಪಲ್ಯ, ಬೀಟ್‌ರೂಟು, ಆಮೇಲೆ ಶಿರೋ ಅಂತ ಮಣ್ಣಿನ ಕುಡಿಕೇಲಿ ಕೊತಕೊತ ಕುದೀತಾ ಬರತ್ತೆ, ಕಡ್ಲೆ ಹಿಟ್ಟಿನದು, ಉತ್ತರ ಕರ್ನಾಟಕದವರಿಗೆ ತಿನ್ನಿಸಿದ್ರೆ ಜುಣಕ ಅಂತಾರೆ. ಇಷ್ಟೂ ಸೇರಿದ್ದಕ್ಕೆ ಬೆಯಾಯ್ನೆತು ಅಂತ ಹೆಸರು. ಒಂದೇ ತಟ್ಟೆಗೆ ನಾಲ್ಕು ಜನ ಕೈ ಹಾಕ್ತಾರೆ, ಎಂಜಲು ಗಿಂಜಲು ಇಲ್ಲ. ಅಷ್ಟೇ ಅಲ್ಲ, ಪಕ್ಕದೋಳು ಒಂದು ತುತ್ತು ಕಟ್ಟಿ ಸೀದಾ ನನ್ನ ಬಾಯಿಗೇ ಇಟ್ಳು. ಗುರ್ಶಾ ಅಂತಾರೆ. ನಾನು ಒಂದು ನಿಮಿಷ ಕಣ್ ಕಣ್ ಬಿಟ್ಟೆ, ಆಮೇಲೆ ಹೊಳೀತು ಇದು ಕೈತುತ್ತು ಅಷ್ಟೇ ಅಂತ. ನಮ್ಮಜ್ಜಿ ಹೋದ್ಮೇಲೆ ನನಗೆ ಯಾರೂ ಕೊಟ್ಟಿರ್ಲಿಲ್ಲ.

ಈಗ ಅಸಲು ವಿಷ್ಯ. ಒಂದಿನ ಕಾಳು ಅಂಗಡೀಲಿ ಒಂದು ಚೀಲದ ಮುಂದೆ ನಿಂತ್ಬಿಟ್ಟೆ, ರಾಗಿ! ದಗೂಸ ಅಂತಾರೆ. ಪಕ್ಕದ ಚೀಲದಲ್ಲಿ ಕರ್ರಗೆ ಹೊಳೀತಾ ಹುಚ್ಚೆಳ್ಳು, ಅದಕ್ಕೆ ನೂಗ್ ಅಂತಾರೆ, ಎಣ್ಣೆ ತೆಗೀತಾರೆ. ಮುಷ್ಟೀಲಿ ತಗೊಂಡು ಮೂಸಿ ನೋಡ್ದೆ, ನಮ್ಮೂರ ಸಂಕ್ರಾಂತಿ ಚಟ್ನಿಪುಡಿ ವಾಸನೆ. ಅಂಗಡಿಯವನು ಏನ್ ಹುಚ್ಚಿ ಇವ್ಳು ಅಂತ ನೋಡ್ತಿದ್ದ. ರಾಗಿ ಹುಟ್ಟಿದ್ದೇ ಇಥಿಯೋಪಿಯಾ, ಉಗಾಂಡಾ ಕಡೆ ಬೆಟ್ಟಗಳಲ್ಲಂತೆ, ಸಾವಿರಾರು ವರ್ಷದ ಹಿಂದೆ ನಮ್ಮ ಕಡೆಗೆ ಬಂದಿದ್ದು. ಹುಚ್ಚೆಳ್ಳಿನ ಶಾಸ್ತ್ರೀಯ ಹೆಸರು ಗಿಜೋಶಿಯಾ ಅಬಿಸಿನಿಕಾ, ಅಬಿಸಿನಿಯಾ ಅಂದ್ರೆ ಇದೇ ಇಥಿಯೋಪಿಯಾ. ತುಮಕೂರು ಜಿಲ್ಲೆಯೋಳು ನಾನು, ಹುಟ್ಟಿದಾಗಿಂದ ಇವೆರಡನ್ನೇ ತಿಂದು ಬೆಳೆದಿದೀನಿ, ಇದು ನಮ್ಮದೇ, ಬೇರೆ ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ.

ಕಾಫಿ ಅಲ್ಲೇ ಹುಟ್ಟಿದ್ದು ಅಂತಾರೆ. ನಮ್ಮ ಕಾಫಿ ಹೆಚ್ಚೋ ಅವರದ್ದೋ, ಪಕ್ಷಪಾತ ಇಲ್ದೆ ಹೇಳಿ. — ಚಿಕ್ಕಮಗಳೂರಿನ ಬೆಳೆಗಾರರು

ಸಿಕ್ಕಾಕಿಸ್ಬಿಟ್ರಿ ಸರ್. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದ್ರು ಅಂತ ನಾವು ಹೇಳ್ತೀವಿ, ಯೆಮೆನ್‌ಗೆ ಹೋಗಿದ್ದು ಸಮುದ್ರದ ಆಚೆ ದಡದ ಇಥಿಯೋಪಿಯಾದಿಂದ, ಹಂಗಾಗಿ ತವರುಮನೆ ಅದೇ. ಬೆಳೆಯೋದು ಅರಾಬಿಕಾ, ಅರ್ಧದಷ್ಟು ಅವ್ರೇ ಕುಡಿದು ಮುಗಿಸ್ತಾರೆ. ನಾವು ಬೆಳೆದು ಕಳಿಸಿಬಿಡ್ತೀವಲ್ಲ, ಹಂಗಲ್ಲ.

ಕುಡಿಯೋ ಪದ್ಧತಿ ಹೇಳ್ತೀನಿ ಕೇಳಿ. ನಮ್ಮ ಕ್ಯಾಂಟೀನ್ ಮೂಲೇಲಿ ಒಬ್ಬ ಹೆಂಗಸು ನೆಲಕ್ಕೆ ಹಸಿ ಹುಲ್ಲು ಹಾಸಿ ಚಿಕ್ಕ ಸ್ಟೂಲ್ ಮೇಲೆ ಕೂತಿರ್ತಾಳೆ, ಪಕ್ಕದಲ್ಲಿ ಇದ್ದಿಲ ಒಲೆ, ಸಾಂಬ್ರಾಣಿ ಹೊಗೆ. ಹಸಿರು ಬೀಜ ತೊಳ್ದು ಬಾಣಲೇಲಿ ಹುರೀತಾಳೆ, ಚಟಚಟ ಸದ್ದು ಬಂದು ಕಪ್ಪಾಗಿ ಎಣ್ಣೆ ಬಿಟ್ಟ ಮೇಲೆ ಆ ಬಾಣಲೆ ಹಿಡ್ಕೊಂಡು ಎಲ್ಲರ ಹತ್ರ ಬರ್ತಾಳೆ, ನಾವು ಆ ಹೊಗೇನ ಕೈಯಿಂದ ಮುಖಕ್ಕೆ ಎಳ್ಕೋಬೇಕು, ಥೇಟ್ ಮಂಗಳಾರತಿ ತಗೊಂಡ ಹಾಗೆ. ನಾನು ಅಭ್ಯಾಸಬಲದಲ್ಲಿ ಕಣ್ಣಿಗೂ ಒತ್ಕೊಂಡೆ. ಆಮೇಲೆ ಕುಟ್ಟೋದು, ಜೆಬೆನಾ ಅಂತ ಉದ್ದ ಕತ್ತಿನ ಕರೀ ಮಣ್ಣಿನ ಹೂಜೀಲಿ ಕುದಿಸೋದು, ಹಿಡಿ ಇಲ್ದಿರೋ ಪುಟಾಣಿ ಕಪ್ಪಿಗೆ ಎತ್ತರದಿಂದ ಸುರಿಯೋದು. ಜೊತೆಗೆ ಪಾಪ್‌ಕಾರ್ನ್! ಒಂದು ಸಲ ಕುಡಿದು ಎದ್ದು ಹೋಗೋ ಹಾಗಿಲ್ಲ, ಅದೇ ಪುಡಿಗೆ ನೀರು ಹಾಕಿ ಮೂರು ಸುತ್ತು, ಅಬೊಲ್, ತೊನಾ, ಬರಕಾ, ಮೂರನೇದು ಆಶೀರ್ವಾದ. ಆ ಹೊತ್ತಿಗೆ ಅದು ಬಣ್ಣದ ನೀರು ಅಷ್ಟೇ, ಆದ್ರೂ ಕುಡೀಬೇಕು. ಒಂದು ಗಂಟೆ ಹೋಗತ್ತೆ. ಪ್ರೊಡಕ್ಷನ್ ಟಾರ್ಗೆಟ್ ಅಂತ ತಲೆ ಕೆಡಿಸ್ಕೊಂಡು ಹೋದೋಳು ನಾನು, ಮೊದಲ ದಿನ ವಾಚ್ ನೋಡ್ಕೊಂಡು ಕೂತಿದ್ದೆ.

ಊರಲ್ಲಿ ಆತುರದೋರಿಗೆ ಬೇರೆ ಕಾಫಿ ಇದೆ. 1936ರಿಂದ 41ರವರೆಗೆ ಇಟಲಿಯವರು ಬಂದು ಕೂತಿದ್ರಲ್ಲ, ಅವರು ಹೋದ್ರೂ ಮಕಿಯಾಟೋ ಅನ್ನೋ ಅವರ ಹಾಲಿನ ಕಾಫಿ ಉಳೀತು, ಹೋಗಿ ಬರ್ತೀನಿ ಅನ್ನೋದಕ್ಕೆ 'ಚಾವ್' ಅನ್ನೋದೂ ಉಳೀತು. 1953ರಿಂದ ಇರೋ ಟೊಮೋಕಾ ಅನ್ನೋ ಅಂಗಡೀಲಿ ನಮ್ಮ ದರ್ಶಿನಿ ಥರ ನಿಂತ್ಕೊಂಡೇ ಕುಡಿಯೋದು. ಹೆಚ್ಚೋ ಕಮ್ಮಿಯೋ ಕೇಳಿದ್ರಿ ಅಲ್ವಾ, ಬರೀ ಕಾಫಿ ಅಂದ್ರೆ ಅವರದ್ದು, ಹಾಲು ಹಾಕಿದ್ರೆ ನಮ್ಮದು. ನಾವು ಚಿಕೋರಿ ಬೆರೆಸ್ತೀವಿ ಅಂತ ಆ ಹೆಂಗಸಿಗೆ ಹೇಳ್ದೆ, ಯಾಕೆ, ಕಾಫಿ ಸಾಕಾಗಲ್ವಾ ಅಂದ್ಳು.

ಅಲ್ಲಿ ವರ್ಷಕ್ಕೆ 13 ತಿಂಗಳಂತೆ ನಿಜಾನಾ? — ದಾವಣಗೆರೆಯ ಪಿಯು ವಿದ್ಯಾರ್ಥಿ

ನಿಜ ಪುಟ್ಟ, ಮತ್ತೆ ನಾನು ಅದರಿಂದ ಮರ್ಯಾದೆ ಕಳ್ಕೊಂಡಿದ್ದೂ ನಿಜ. 30 ದಿನದ 12 ತಿಂಗಳು, ಕೊನೇಲಿ ಪಗುಮೆ ಅಂತ 5 ದಿನದ, ಕೆಲವು ಸಲ 6 ದಿನದ ಪುಟ್ಟ ತಿಂಗಳು. ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ಕೆಲವು ಸಲ 12ಕ್ಕೆ. ಇಸವಿ ನಮಗಿಂತ ಏಳೆಂಟು ವರ್ಷ ಹಿಂದೆ.

ಇದೆಲ್ಲ ನನಗೆ ಯಾರೋ ಹೇಳಿದ್ರು, ತಲೇಲಿ ಉಳೀಲಿಲ್ಲ. ಎರಡನೇ ದಿನ ಫ್ಲೋರ್‌ನಲ್ಲಿ ಒಂದು ಓವರ್‌ಲಾಕ್ ಮಷೀನ್ ಸರ್ವಿಸ್ ಕಾರ್ಡ್ ನೋಡ್ತೀನಿ, ಕೊನೇ ಸರ್ವಿಸ್ 25/5/2017. ನನಗೆ ಪಿತ್ತ ನೆತ್ತಿಗೇರ್ತು, ಮೆಕ್ಯಾನಿಕ್ ಹುಡುಗನ್ನ ಕರೆದು ಎಲ್ಲರ ಮುಂದೆ, ಎಂಟು ವರ್ಷದಿಂದ ಮಷೀನ್ ಮುಟ್ಟಿಲ್ವಾ, ನಾಚ್ಕೆ ಆಗಲ್ವಾ ಅಂತ ಬೈದೆ. ಅವನು ತಿರುಗಿ ಒಂದು ಮಾತೂ ಆಡ್ಲಿಲ್ಲ, ಆಯಿಲ್ ಕಾಣೋ ಗಾಜಿನ ಮೇಲೆ ಬೆರಳಿಟ್ಟು ತೋರಿಸ್ದ, ಎಣ್ಣೆ ತಿಳಿ ಜೇನಿನ ಥರ ಇದೆ, ಹೊಸದು. ಆಮೇಲೆ ಮೊಬೈಲ್ ತೆಗೆದು ಎರಡು ಕ್ಯಾಲೆಂಡರ್ ಪಕ್ಕ ಪಕ್ಕ ಹಿಡಿದ. ಅವರ ಐದನೇ ತಿಂಗಳು ಅಂದ್ರೆ ಟಿರ್, 25ನೇ ತಾರೀಖು ಅಂದ್ರೆ ನಮ್ಮ ಫೆಬ್ರವರಿ 2. ಸರ್ವಿಸ್ ಆಗಿ ಮೂರು ವಾರಾನೂ ಆಗಿರ್ಲಿಲ್ಲ. ಎಲ್ಲರ ಮುಂದೆ ಬೈದಿದ್ದೆ, ಎಲ್ಲರ ಮುಂದೇನೇ ಸಾರಿ ಕೇಳ್ದೆ. ಮಾರನೇ ದಿನದಿಂದ ಆ ಹುಡುಗ ಎಲ್ಲ ಕಾರ್ಡಲ್ಲೂ ನನಗೋಸ್ಕರ ಪೆನ್ಸಿಲ್‌ನಲ್ಲಿ ನಮ್ಮ ತಾರೀಖೂ ಬರೀತಿದ್ದ.

ಗಂಟೆನೂ ಬೇರೆ ಲೆಕ್ಕ. ಬೆಳಿಗ್ಗೆ 7 ಅಂದ್ರೆ ಅವರಿಗೆ 1 ಗಂಟೆ, ಹೊತ್ತು ಹುಟ್ಟಿದ ಮೇಲೆ ಎಣಿಸೋದು. ಡ್ರೈವರ್ ಎರಡು ಗಂಟೆಗೆ ಬರ್ತೀನಿ ಅಂದ್ರೆ ನೀನು 8ಕ್ಕೆ ರೆಡಿ ಇರ್ಬೇಕು. ವಿಚಿತ್ರ ಏನಲ್ಲ, ನಮ್ಮ ಪಂಚಾಂಗದೋರು ಸೂರ್ಯೋದಯದಿಂದಲೇ ಅಲ್ವಾ ಗಳಿಗೆ ಎಣಿಸೋದು.

ಭಾಷೆಗೆ ಏನ್ ಮಾಡಿದ್ರಿ? — ಧಾರವಾಡದ ಕನ್ನಡ ಮೇಷ್ಟ್ರು

ಫ್ಯಾಕ್ಟರೀಲಿ ಇಂಗ್ಲಿಷು, ಬೀದೀಲಿ ಅಮ್ಹಾರಿಕ್. ನಿಮಗೆ ಖುಷಿಯಾಗೋ ಸುದ್ದಿ ಹೇಳ್ತೀನಿ ಸರ್, ಅವರಿಗೂ ಕಾಗುಣಿತ ಇದೆ. ಮೂಲ ಅಕ್ಷರ 33, ಒಂದೊಂದಕ್ಕೂ 7 ರೂಪ, ಲೆ ಲು ಲಿ ಲಾ ಲೇ ಲ್ ಲೊ ಅಂತ ಹೋಗತ್ತೆ, ಒಂದು ಕಾಲು ಎಳೆದ್ರೆ ಒಂದು ಸ್ವರ, ಪಕ್ಕಕ್ಕೆ ಕೊಂಡಿ ಹಾಕಿದ್ರೆ ಇನ್ನೊಂದು. ಇಂಗ್ಲಿಷ್‌ನೋರು ಇದನ್ನ ಕಲಿಯೋಕೆ ಒದ್ದಾಡ್ತಾರಂತೆ, ನಾನು ಬಸ್ ಬೋರ್ಡ್ ನೋಡ್ಕೊಂಡೇ ಹದಿನೈದು ಅಕ್ಷರ ಹಿಡಿದೆ. ಮಾತಲ್ಲಿ 'ಇಶಿ' ಒಂದಿದ್ರೆ ಸಾಕು, ಸರಿ, ಆಯ್ತು, ಹೂಂ, ಬಿಡಿ ಎಲ್ಲಕ್ಕೂ ಅದೇ. ಇನ್ನೊಂದು ವಿಚಿತ್ರ, ಹೌದು ಅನ್ನೋಕೆ ಕೆಲವರು ಮಾತೇ ಆಡಲ್ಲ, ಗಾಬರಿಯಾದಾಗ ಹಾ ಅಂತ ಉಸಿರು ಒಳಗೆ ಎಳ್ಕೋತೀವಲ್ಲ, ಹಂಗೆ ಎಳ್ಕೋತಾರೆ. ಟ್ರೈನಿಂಗಲ್ಲಿ ಅರ್ಥ ಆಯ್ತಾ ಅಂದ್ರೆ ಇಪ್ಪತ್ತು ಹುಡ್ಗೀರು ಒಟ್ಟಿಗೆ ಬೆಚ್ಚಿಬಿದ್ದ ಹಾಗೆ ಉಸಿರೆಳೆದ್ರು, ನಾನು ಹಿಂದೆ ಹಾವು ಗೀವು ಬಂತಾ ಅಂತ ತಿರುಗಿ ನೋಡ್ದೆ.

ಒಬ್ರೇ ಓಡಾಡೋಕೆ ಭಯ ಆಗ್ಲಿಲ್ವಾ? — ಮೈಸೂರಿನ ಓದುಗಿ

ಊರೊಳಗೆ ಹಗಲೊತ್ತು ಭಯ ಆಗ್ಲಿಲ್ಲ. ಊರು ಬಿಟ್ಟು ಆಚೆ ಹೋಗೋಕೆ ನಮ್ಮೋರು ಬಿಡ್ಲಿಲ್ಲ, ಅಮ್ಹಾರಾ ಪ್ರಾಂತ್ಯದ ಕಡೆ 2023ರಿಂದ ಕಾಳಗ ನಡೀತಿದೆ. ಓಡಾಟಕ್ಕೆ ಆ ಫೋಟೋದಲ್ಲಿದ್ದ ನೀಲಿ-ಬಿಳಿ ವ್ಯಾನು, ಕಂಡಕ್ಟರ್ ಹುಡುಗ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಬೊಲೆ ಬೊಲೆ ಬೊಲೆ, ಮೆಕ್ಸಿಕೋ ಮೆಕ್ಸಿಕೋ ಅಂತ ಕೂಗ್ತಿರ್ತಾನೆ. ಬೊಲೆ ಅಂದ್ರೆ ಅಲ್ಲೊಂದು ಏರಿಯಾ, ಮೆಕ್ಸಿಕೋ ಅಂದ್ರೆ ಅಲ್ಲೊಂದು ಸರ್ಕಲ್ಲು, ಗಾಬರಿ ಬೀಳ್ಬೇಡಿ. ಇಳಿಯೋವಾಗ 'ವರಾಜ್ ಅಲೆ' ಅನ್ಬೇಕು, ಇಳಿಯೋರಿದಾರೆ ಅಂತ. ನಾನು ಮೊದಲ ಸಲ ನಾಚ್ಕೊಂಡು ಮೆಲ್ಲಗೆ ಅಂದು ಎರಡು ಸ್ಟಾಪ್ ಮುಂದೆ ಹೋದೆ. ಕಿಟಕಿ ಪಕ್ಕ ಕೂತು ಮೊಬೈಲ್ ನೋಡ್ಬೇಡಿ, ಕಿತ್ಕೊಂಡು ಓಡ್ತಾರೆ ಅಂತ ನಮ್ಮ ಹುಡ್ಗೀರೇ ಹೇಳಿದ್ರು.

ತುಂಬಾ ಬಡತನ ಅಲ್ವಾ ಅಲ್ಲಿ? ಟಿವೀಲಿ ನೋಡ್ತಿದ್ವಿ. — ಹೆಸರು ಊರು ಬರೆದಿಲ್ಲ

ನೀವು ನೋಡಿದ ಟಿವಿ 1984ರ ಬರಗಾಲದ್ದು ಇರ್ಬೇಕು. ಬಡತನ ಇಲ್ಲ ಅಂತ ನಾನು ಹೇಳಲ್ಲ. ನಂದೇ ಕಸುಬಿಂದ ಹೇಳ್ತೀನಿ, 2019ರಲ್ಲಿ ನ್ಯೂಯಾರ್ಕ್ ಯೂನಿವರ್ಸಿಟಿಯೋರು ಒಂದು ವರದಿ ತಂದಿದ್ರು, ಇಥಿಯೋಪಿಯಾ ಗಾರ್ಮೆಂಟ್ಸ್‌ನಲ್ಲಿ ಮೂಲ ಸಂಬಳ ತಿಂಗಳಿಗೆ 26 ಡಾಲರ್, ಪ್ರಪಂಚದಲ್ಲೇ ಕಮ್ಮಿ ಅಂತ. ನಾನು ಹೋದಾಗ ಖಾಸಗಿ ಕಂಪನಿಗಳಿಗೆ ಇಷ್ಟು ಕನಿಷ್ಠ ವೇತನ ಅಂತ ಸರ್ಕಾರ ನಿಗದಿನೇ ಮಾಡಿರ್ಲಿಲ್ಲ. ಉತ್ತರದ ಟಿಗ್ರೇ ಪ್ರಾಂತ್ಯದ ಯುದ್ಧದ ಕಾರಣಕ್ಕೆ ಅಮೆರಿಕ ಅವರ ಮಾಲಿಗೆ ಕೊಟ್ಟಿದ್ದ ಸುಂಕ ರಿಯಾಯ್ತಿನ 2022ರ ಜನವರಿಯಿಂದ ಕಿತ್ಕೊಳ್ತು, ಅದರ ಏಟು ಬಿದ್ದಿದ್ದು ಯುದ್ಧ ಮಾಡಿದೋರಿಗಲ್ಲ, ಹೊಲಿಗೆ ಹುಡ್ಗೀರಿಗೆ. 2024ರ ಜುಲೈಯಲ್ಲಿ ಅವರ ದುಡ್ಡು ಬಿರ್‌ನ ಬೆಲೆ ಮಾರ್ಕೆಟ್‌ಗೆ ಬಿಟ್ರು, ಎಣ್ಣೆ ಬೇಳೆ ಎಲ್ಲ ಮೇಲೆ. ಇದನ್ನ ಅವರೇ ನನಗೆ ಹೇಳ್ಕೊಂಡ್ರು, ಊಟದ ತಟ್ಟೆ ಮುಂದೆ.

ಇನ್ನೊಂದು ಕಡೆ ಅದೇ 2024ರಲ್ಲಿ ಪೆಟ್ರೋಲ್ ಡೀಸೆಲ್ ಕಾರು ಆಮದು ಬಂದ್ ಮಾಡಿದಾರೆ, ರಸ್ತೆ ತುಂಬ ಚೈನಾ ಎಲೆಕ್ಟ್ರಿಕ್ ಕಾರು. ಫುಟ್‌ಪಾತ್ ಅಂತೂ ನೋಡಿ ಹೊಟ್ಟೆ ಉರೀತು, ಈಗ ಬೆಂಗಳೂರಲ್ಲಿರೋಳು ನಾನು, ಗುಂಡಿ ಇಲ್ದೆ ಅರ್ಧ ಗಂಟೆ ಒಂದೇ ಸಮ ನಡೆದೆ. ಆದ್ರೆ ಆ ಅಗಲದ ರಸ್ತೆಗೆ ಪಿಯಾಸಾ ಅನ್ನೋ ಹಳೇ ಏರಿಯಾದ ಮನೆ, ಅಂಗಡಿಗಳ್ನ 2024ರಲ್ಲಿ ಕೆಡವಿ ಹಾಕಿದಾರೆ. ಫುಟ್‌ಪಾತಲ್ಲಿ ಶೂ ಪಾಲಿಶ್ ಮಾಡೋ ಹುಡುಗರು, ಲಿಸ್ಟ್ರೋ ಅಂತಾರೆ, ಒಬ್ಬನ ಹತ್ರ ಕೂತೆ. ನನ್ನ ಶೂ ಲೇಸ್ ಬಿಚ್ಚಿ, ಸಾಕ್ಸ್‌ಗೆ ಬಣ್ಣ ತಾಗ್ದೆ ಇರ್ಲಿ ಅಂತ ರಟ್ಟಿನ ತುಂಡು ಒಳಗೆ ಸಿಕ್ಕಿಸಿ, ಹಲ್ಲುಜ್ಜೋ ಬ್ರಶ್ಶಲ್ಲಿ ಹೊಲಿಗೆ ಸಂದೀನೆಲ್ಲ ಉಜ್ಜಿದ. ನಮ್ಮ ಫಿನಿಶಿಂಗ್ ಸೆಕ್ಷನ್‌ನಲ್ಲಿ ಇಂಥೋನು ಒಬ್ಬ ಇದ್ದಿದ್ರೆ ಅಂದ್ಕೊಂಡೆ. ಅವನ ಮನೆ ಎಲ್ಲಿ ಅಂದೆ, ರಸ್ತೆ ಕಡೆ ಕೈ ತೋರಿಸಿ ಇಲ್ಲೇ ಇತ್ತು ಅಂದ.

ಲೂಸಿ ನೋಡಿದ್ರಾ? — ಉಡುಪಿ

ನೋಡಿದೆ, ನ್ಯಾಷನಲ್ ಮ್ಯೂಸಿಯಂನಲ್ಲಿ. ಮನುಷ್ಯರ ಪೂರ್ವಜರ ಕಡೆಯ ಒಬ್ಬಳ ಮೂಳೆಗಳು, 1974ರಲ್ಲಿ ಸಿಕ್ಕಿದ್ದು, 32 ಲಕ್ಷ ವರ್ಷ ಹಳೇದು, ಮೂರೂವರೆ ಅಡಿ ಅಷ್ಟೇ. ಅವರು ಲೂಸಿ ಅನ್ನಲ್ಲ, ದಿಂಕಿನೆಶ್ ಅಂತಾರೆ, ನೀನು ಅದ್ಭುತ ಕಣೇ ಅನ್ನೋ ಅರ್ಥ.

ನಾವು ಸಿದ್ದಿಗಳು. ನಮ್ಮ ಹಿರೀಕರು ಬಂದಿದ್ದು ಆ ಊರಿಂದಾನಾ? — ಯಲ್ಲಾಪುರದ ಯುವಕ

ಇಥಿಯೋಪಿಯಾದವರು ತಮ್ಮನ್ನ ಹಬೆಶಾ ಅಂತ ಕರ್ಕೋತಾರೆ ತಮ್ಮಾ, ಆಫ್ರಿಕಾ ಮೂಲದೋರಿಗೆ ನಮ್ಮ ಕಡೆ ಹಿಂದೆ ಹೇಳ್ತಿದ್ದ ಹಬ್ಶಿ ಅನ್ನೋ ಮಾತು ಅದರಿಂದಾನೇ ಬಂದಿದ್ದು. ಅಹಮದನಗರದ ಪ್ರಧಾನಿಯಾಗಿದ್ದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿದವನು, ಬಿಜಾಪುರದ ಆದಿಲ್‌ಶಾಹಿಲಿ ಇಖ್ಲಾಸ್ ಖಾನ್ ಅಂತ ಹಬ್ಶಿ ಮಂತ್ರಿ ಇದ್ದ. ಆದ್ರೆ ಯಲ್ಲಾಪುರ, ಹಳಿಯಾಳ ಕಡೆಯ ನಿಮ್ಮೋರಲ್ಲಿ ಬಹಳ ಜನರ ಹಿರೀಕರು ಇನ್ನೂ ದಕ್ಷಿಣದ ಪೂರ್ವ ಆಫ್ರಿಕಾದೋರು, ಪೋರ್ಚುಗೀಸರು ಗೋವಾಗೆ ತಂದ ಗುಲಾಮರು ತಪ್ಪಿಸ್ಕೊಂಡು ಕಾಡು ಸೇರಿದ್ದು ಅಂತ ಬಲ್ಲವರು ಹೇಳ್ತಾರೆ. ಫ್ಯಾಕ್ಟರೀಲಿ ಕರ್ನಾಟಕದಲ್ಲಿ ಕನ್ನಡ, ಕೊಂಕಣಿ ಮಾತಾಡೋ ಆಫ್ರಿಕಾ ಮೂಲದೋರು ಇದಾರೆ ಅಂದ್ರೆ ಯಾರೂ ನಂಬ್ಲಿಲ್ಲ, ಮೊಬೈಲಲ್ಲಿ ಸಿದ್ದಿ ಕುಣಿತದ ವಿಡಿಯೋ ತೋರಿಸ್ದೆ, ಮೂರು ಸಲ ಹಾಕಿಸ್ಕೊಂಡು ನೋಡಿದ್ರು.

ನಮ್ಮ ಮಗನಿಗೆ ಅಡಿಸ್‌ನಲ್ಲಿ ಕೆಲಸ ಸಿಕ್ಕಿದೆ, ಜೂನ್‌ನಲ್ಲಿ ಹೋಗ್ತಾನೆ. ಏನೇನು ಕಟ್ಟಿ ಕಳಿಸ್ಲಿ? — ಮಂಡ್ಯದ ತಾಯಿ

ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿ, ಹೊರಡೋಕೆ 10 ದಿನ ಮುಂಚೇನೇ ಆಗಿರ್ಬೇಕು, ಆ ಕಾರ್ಡ್ ಇಲ್ದೆ ವಾಪಸ್ ಬಂದ್ರೆ ನಮ್ಮ ಏರ್‌ಪೋರ್ಟಲ್ಲೇ ಹಿಡಿದು ಕೂರಿಸ್ತಾರೆ. ಕೆಲಸದ ವೀಸಾ ಕಂಪನಿಯೋರೇ ಮಾಡಿಸ್ಲಿ, ಟೂರಿಸ್ಟ್ ವೀಸಾದಲ್ಲಿ ಹೋಗು ಆಮೇಲೆ ನೋಡೋಣ ಅಂದ್ರೆ ಒಪ್ಕೋಬೇಡಿ. ಅಲ್ಲಿ ಜನ ಟೆಲೆಬಿರ್ ಅಂತ ಮೊಬೈಲಲ್ಲೇ ದುಡ್ಡು ಕೊಡ್ತಾರೆ, ನಮ್ಮ ಫೋನ್‌ಪೇ ನಡೆಯಲ್ಲ. ಜೂನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆಗಾಲ, ಅದಕ್ಕೆ ಸ್ವೆಟರ್ ಎರಡು, ಒಳ್ಳೇ ಛತ್ರಿ, ಮತ್ತೆ ಮರೀದೆ 3 ಲೀಟರ್ ಕುಕ್ಕರ್.

ರಾಗಿ ಹಿಟ್ಟು ಹೊರಿಸ್ಬೇಡಿ, ಮರ್ಕಾಟೋ ಮಾರ್ಕೆಟಲ್ಲಿ ದಗೂಸ ಅಂತ ಕೇಳ್ಲಿ, ಬೀಸಿ ಕೊಡ್ತಾರೆ. ಮುದ್ದೆ ಕೋಲೂ ಬೇಡ, ಅವರು ಗೆನ್ಫೋ ಅಂತ ಮುದ್ದೆ ಥರದ್ದೇ ಮಾಡ್ತಾರೆ, ನಡುವೆ ಗುಳಿ ಮಾಡಿ ಬೆಣ್ಣೆ ಖಾರದಪುಡಿ ಹಾಕ್ತಾರೆ, ಬಾಣಂತೀರಿಗೆ ಕೊಡ್ತಾರೆ, ಅದನ್ನ ತಿರುವೋ ಕೋಲು ಅಂಗಡೀಲೇ ಸಿಗತ್ತೆ. ಹುರುಳಿಕಾಳು ಮಾತ್ರ ನನಗೆ ಎಲ್ಲೂ ಸಿಗ್ಲಿಲ್ಲ. ಎರಡು ಕೇಜಿ ಕಟ್ಟಿ ಕಳಿಸಿ, ಬಸ್ಸಾರಿಗೆ.